ಆಗಮದ ಕುಲುಮೆ: ಖಡ್ಗನಿರ್ಮಾಣದ ಕರಕೌಶಲಕ್ಕೆ ಒಂದು ಜೈನ ಸಾಕ್ಷ್ಯ

ಪ್ರಾಚೀನ ಭಾರತೀಯ ವಾಙ್ಮಯದಲ್ಲಿ ಖಡ್ಗಕ್ಕೆ ದೊರೆತಿರುವ ಸ್ಥಾನ ಹಿರಿದಾದುದು. ಕಾವ್ಯಗಳು ಅದನ್ನು ಅರಸನ ಬಾಹುವಿನೊಡನೆ ವರ್ಣಿಸಿವೆ. ಶಾಸನಗಳು ಅದನ್ನು ಬಿರುದುಗಳಲ್ಲಿ ಸೇರಿಸಿವೆ. ಲಕ್ಷಣಗ್ರಂಥಗಳು ಅದರ ಉದ್ದಗಲಗಳನ್ನು ಅಂಗುಲದ ಲೆಕ್ಕದಲ್ಲಿ ಅಳೆದಿವೆ. ಆದರೆ ಆ ಖಡ್ಗ ಯಾವ ಕುಲುಮೆಯಲ್ಲಿ ಕಾಯಿತು, ಯಾವ ಅಡೆಗಲ್ಲಿನ ಮೇಲೆ ಪೆಟ್ಟು ತಿಂದಿತು, ಅದನ್ನು ಹಿಡಿದ ಇಕ್ಕುಳ ಎಂತಹದು, ತಣಿಸಿದ ನೀರು ಎಲ್ಲಿತ್ತು ಎಂದು ವಿಚಾರಿಸಿದರೆ ಈ ಗ್ರಂಥಗಳಿಂದ ಬರುವ ಉತ್ತರ ಅತ್ಯಲ್ಪ. ಕಮ್ಮಾರನ ವಿದ್ಯೆ ತಂದೆಯಿಂದ ಮಗನಿಗೆ ಕೈಯಿಂದ ಕೈಗೆ ಹರಿದುಬಂದದ್ದು. ಓಲೆಯ ಮೇಲೆ ಏರಿದ್ದು ಕಡಿಮೆ. ಈ ಹಿನ್ನೆಲೆಯಲ್ಲಿ ಕಮ್ಮಾರಸಾಲೆಯ ಉಪಕರಣಗಳನ್ನು ಒಂದೊಂದಾಗಿ ಹೆಸರಿಸುವ ಪ್ರಾಚೀನ ಪಟ್ಟಿಯೊಂದು ಅಹಿಂಸೆಯನ್ನು ಪರಮಧರ್ಮವೆಂದು ಸಾರಿದ ಜೈನ ಆಗಮದಲ್ಲಿ ಉಳಿದಿರುವುದು ವಿಶೇಷವಾಗಿ ವಿಚಾರಣೀಯ. ಆ ಪಟ್ಟಿ ಏಕೆ ಅಲ್ಲಿ ಉಳಿಯಿತು, ಅದರಿಂದ ಖಡ್ಗನಿರ್ಮಾಣದ ಚರಿತ್ರೆಗೆ ದೊರೆಯುವ ಪ್ರಯೋಜನವೇನು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮೊದಲಿಗೆ ಲಕ್ಷಣಶಾಸ್ತ್ರದ ದೃಷ್ಟಿಯನ್ನು ನೋಡಬಹುದು. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಖಡ್ಗಲಕ್ಷಣವೆಂಬ ಅಧ್ಯಾಯವೇ ಇದೆ. 50 ಅಂಗುಲದ ಖಡ್ಗ ಉತ್ತಮ, 25 ಅಂಗುಲದ್ದು ಕನಿಷ್ಠ ಎಂದು ಅಲ್ಲಿ ಹೇಳಿದೆ. ಅಲಗಿನ ಮೇಲೆ ಕಾಣುವ ಕಲೆಗಳು ಎಷ್ಟನೆಯ ಅಂಗುಲದಲ್ಲಿದ್ದರೆ ಯಾವ ಫಲ ಎಂಬುದರ ವಿವರವೂ ಉಂಟು. ನಿರ್ಮಾಣಕ್ಕೆ ಸಂಬಂಧಿಸಿದ್ದೆಂದು ಹೇಳಬಹುದಾದದ್ದು ಆ ಅಧ್ಯಾಯದ ಕೊನೆಯ ಭಾಗದ ಶಸ್ತ್ರಪಾನ, ಅಂದರೆ ಕಾದ ಅಲಗಿಗೆ ದ್ರವವನ್ನು ‘ಕುಡಿಸಿ’ ಹದಗೊಳಿಸುವ ವಿಧಿ. ಬಾಳೆಯ ಬೂದಿಯ ಕ್ಷಾರವನ್ನು ಮಜ್ಜಿಗೆಯಲ್ಲಿ ಬೆರೆಸಿ ಒಂದು ದಿನ ಇಟ್ಟು, ಅದನ್ನು ಕುಡಿಸಿ ಚೆನ್ನಾಗಿ ಮಸೆದ ಅಲಗು ಕಲ್ಲಿಗೆ ತಾಗಿದರೂ ಮುರಿಯದು, ಬೇರೆ ಲೋಹಕ್ಕೆ ತಾಗಿದರೂ ಮೊಂಡಾಗದು ಎಂಬುದು ಅಂತಹ ಒಂದು ಪಾಕ. ಎಕ್ಕದ ಹಾಲು ಸೇರಿದ ಲೇಪವನ್ನು ಹಚ್ಚುವ ಮತ್ತೊಂದು ಕ್ರಮವೂ ಅಲ್ಲಿದೆ. ಇವು ಕುಲುಮೆಯಿಂದ ಬಂದ ತಿಳಿವಳಿಕೆಯ ತುಣುಕುಗಳೆಂಬುದರಲ್ಲಿ ಸಂದೇಹವಿಲ್ಲ. ಆದರೂ ಕುಲುಮೆ ಅಲ್ಲಿ ಕಾಣಿಸುವುದಿಲ್ಲ, ಕಮ್ಮಾರನೂ ಕಾಣಿಸುವುದಿಲ್ಲ.

ಅದೇ ಅಧ್ಯಾಯದಲ್ಲಿ ಅರಸನಿಗೆ ವಿಧಿಸಿರುವ ನಿಷೇಧಗಳು ಇನ್ನೂ ಗಮನಾರ್ಹ. ಕಾರಣವಿಲ್ಲದೆ ಖಡ್ಗವನ್ನು ಒರೆಯಿಂದ ತೆಗೆಯಬಾರದು, ಅದರಲ್ಲಿ ಮುಖ ನೋಡಿಕೊಳ್ಳಬಾರದು, ಅದರ ಬೆಲೆಯನ್ನು ಹೇಳಬಾರದು, ಅದು ಯಾವ ದೇಶದ್ದೆಂದು ಹೇಳಬಾರದು ಎಂದು ಅಲ್ಲಿ ಕಟ್ಟಳೆ ಮಾಡಿದೆ. ಬೆಲೆಯೂ ಊರೂ ನುಡಿಯಬಾರದವುಗಳಾದ ಮೇಲೆ ಮಾಡಿದವನ ಹೆಸರು ಉಳಿಯುವ ಮಾರ್ಗವಿಲ್ಲ. ಅರಸನ ಕೈಗೆ ಬಂದ ಖಡ್ಗ ತನ್ನ ಹುಟ್ಟನ್ನು ಮರೆಯಬೇಕು ಎಂಬುದು ಈ ಕಟ್ಟಳೆಯ ಪರಿಣಾಮ.

ಜೈನ ಪುರಾಣಗಳಲ್ಲಿ ಖಡ್ಗಕ್ಕೆ ಬೇರೊಂದು ಬಗೆಯ ಗೌರವವಿದೆ. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರ ಆದಿಪುರಾಣದ ಪ್ರಕಾರ ಭೋಗಭೂಮಿಯ ಸ್ಥಿತಿ ಕಳೆದು ಕಲ್ಪವೃಕ್ಷಗಳು ಮರೆಯಾದಾಗ ಆದಿನಾಥನು ಪ್ರಜೆಗಳಿಗೆ ಆರು ಜೀವನೋಪಾಯಗಳನ್ನು ಉಪದೇಶಿಸಿದನು. ಅಸಿ, ಮಷಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಈ ಷಟ್ಕರ್ಮಗಳಲ್ಲಿ ಮೊದಲನೆಯದೇ ಅಸಿ. ಆದರೆ ಅಸಿಕರ್ಮವೆಂದರೆ ಆಯುಧ ಧರಿಸಿ ಸೇವೆ ಮಾಡುವುದೇ ಹೊರತು ಆಯುಧವನ್ನು ಮಾಡುವುದಲ್ಲ. ಮಾಡುವ ಕೆಲಸ ಆರನೆಯದಾದ ಶಿಲ್ಪದಲ್ಲಿ ಸೇರುತ್ತದೆ. ಶಿಲ್ಪವನ್ನು ಕರಕೌಶಲವೆಂದು ಲಕ್ಷಣಿಸಿದ ಆಚಾರ್ಯರು ಚಿತ್ರಕಲೆ, ಪತ್ರಚ್ಛೇದ ಮುಂತಾದವುಗಳನ್ನು ಉದಾಹರಿಸಿದ್ದಾರೆ. ಲೋಹಕಾರನ ಕೆಲಸವನ್ನು ಆ ಸಂದರ್ಭದಲ್ಲಿ ಹೆಸರಿಸಿಲ್ಲ. ಶ್ವೇತಾಂಬರ ಪರಂಪರೆಯ ಆವಶ್ಯಕ ನಿರ್ಯುಕ್ತಿಯಲ್ಲಿ ಆದಿನಾಥನು ಕಲಿಸಿದ ಮೂಲಶಿಲ್ಪಗಳು ಐದು. ಕುಂಭಕಾರನದು, ಲೋಹಕಾರನದು, ಚಿತ್ರಕಾರನದು, ನೇಕಾರನದು, ನಾಪಿತನದು ಎಂಬ ಈ ಐದಕ್ಕೂ ಇಪ್ಪತ್ತಿಪ್ಪತ್ತು ಪ್ರಭೇದಗಳಿದ್ದು ಒಟ್ಟು ನೂರು ಶಿಲ್ಪಗಳಾಗುತ್ತವೆ. ಮಡಕೆಯಾದ ತಕ್ಷಣ ಕಬ್ಬಿಣ ಬರುವ ಈ ಕ್ರಮ ಅರ್ಥಪೂರ್ಣವಾದುದು. ಬೆಂಕಿಯಲ್ಲಿ ಮಣ್ಣನ್ನು ಸುಡಲು ಕಲಿತವನೇ ಕುಲುಮೆಯನ್ನೂ ಮೂಸೆಯನ್ನೂ ಕಟ್ಟಬಲ್ಲನು.

ಹೀಗೆ ಪುರಾಣದಲ್ಲಿ ಖಡ್ಗಧಾರಿಗೂ ನಿರ್ಯುಕ್ತಿಯಲ್ಲಿ ಲೋಹಕಾರನಿಗೂ ಸ್ಥಾನ ದೊರೆತಿದೆ. ಆದರೆ ಕೆಲಸದ ವಿವರ ಎರಡರಲ್ಲಿಯೂ ಇಲ್ಲ. ಅದು ದೊರೆಯುವುದು ವ್ಯಾಖ್ಯಾಪ್ರಜ್ಞಪ್ತಿಯಲ್ಲಿ. ಭಗವತೀಸೂತ್ರವೆಂದು ಪ್ರಸಿದ್ಧವಾದ ಈ ಐದನೆಯ ಅಂಗ ವೀರನಿರ್ವಾಣದ 980ನೆಯ, ಮತಾಂತರದಲ್ಲಿ 993ನೆಯ ವರ್ಷದಲ್ಲಿ ದೇವರ್ಧಿಗಣಿಯ ನೇತೃತ್ವದಲ್ಲಿ ವಲಭಿಯಲ್ಲಿ ಗ್ರಂಥಾರೂಢವಾಯಿತೆಂಬುದು ಶ್ವೇತಾಂಬರ ಸಂಪ್ರದಾಯ. ಈಗ ಉಪಲಬ್ಧವಿರುವ ಅಂಗಗಳನ್ನು ದಿಗಂಬರ ಸಂಪ್ರದಾಯ ಮೂಲ ಅಂಗಗಳೆಂದು ಒಪ್ಪುವುದಿಲ್ಲ. ಸಿದ್ಧಾಂತಪ್ರಾಮಾಣ್ಯದ ಆ ಪ್ರಶ್ನೆ ಇಲ್ಲಿ ಪ್ರಸ್ತುತವಲ್ಲ. ಲೋಹಕಾರನ ಸಾಲೆಯನ್ನು ಕಣ್ಣಾರೆ ಕಂಡವರು ಬರೆಸಿದ ಪ್ರಾಚೀನ ಗ್ರಂಥವೆಂಬ ನೆಲೆಯಲ್ಲಿ ಚರಿತ್ರಕಾರನಿಗೆ ಅದರ ಸಾಕ್ಷ್ಯ ಗ್ರಾಹ್ಯವಾಗಿದೆ.

ಈ ಗ್ರಂಥದ ಹದಿನಾರನೆಯ ಶತಕದ ಮೊದಲ ಉದ್ದೇಶಕಕ್ಕೆ ‘ಅಧಿಕರಣಿ’ ಎಂದೇ ಹೆಸರು. ಅಧಿಕರಣಿಯೆಂದರೆ ಅಡೆಗಲ್ಲು. ಅಡೆಗಲ್ಲಿನ ಮೇಲೆ ಪೆಟ್ಟು ಬಿದ್ದಾಗ ಅಲ್ಲಿ ವಾಯುಕಾಯಿಕ ಜೀವ ಹುಟ್ಟುವುದೇ ಎಂಬ ಪ್ರಶ್ನೆಯಿಂದ ಪ್ರಕರಣ ಆರಂಭವಾಗುತ್ತದೆ, ಹುಟ್ಟುವುದೆಂದು ಉತ್ತರ. ಇದ್ದಲಿನ ಒಲೆಯಲ್ಲಿ ಅಗ್ನಿಕಾಯಿಕ ಜೀವ ಎಷ್ಟು ಕಾಲ ಇರುವುದೆಂಬುದು ಎರಡನೆಯ ಪ್ರಶ್ನೆ. ಕನಿಷ್ಠ ಅಂತರ್ಮುಹೂರ್ತ, ಗರಿಷ್ಠ ಮೂರು ಅಹೋರಾತ್ರ ಎಂದು ಹೇಳಿ, ವಾಯುವಿಲ್ಲದೆ ಅಗ್ನಿ ಉರಿಯದು ಎಂಬ ಮಾತನ್ನೂ ಸೇರಿಸಿದೆ. ಜೀವವಿಚಾರಕ್ಕಾಗಿ ಹೇಳಿದ ಈ ಮಾತು ತಿದಿಯ ಪ್ರಯೋಜನವನ್ನೂ ತಿಳಿಸುತ್ತದೆ.

ಮೂರನೆಯ ಪ್ರಶ್ನೆ ಪ್ರಕೃತ ವಿಷಯಕ್ಕೆ ಅತ್ಯಂತ ಮುಖ್ಯವಾದುದು. ಕಬ್ಬಿಣದ ಇಕ್ಕುಳದಿಂದ ಕಬ್ಬಿಣವನ್ನು ಕುಲುಮೆಯೊಳಗೆ ಎತ್ತಿ ಇಡುವ ಮನುಷ್ಯನಿಗೆ ಎಷ್ಟು ಕ್ರಿಯೆಗಳು ತಗಲುತ್ತವೆ? ಐದೂ ಎಂದು ಉತ್ತರ. ಕಾಯಿಕೀ, ಆಧಿಕರಣಿಕೀ, ಪ್ರಾದ್ವೇಷಿಕೀ, ಪಾರಿತಾಪನಿಕೀ, ಪ್ರಾಣಾತಿಪಾತಿಕೀ ಎಂಬವೇ ಆ ಐದು. ಅಷ್ಟಕ್ಕೆ ನಿಲ್ಲದೆ, ಯಾವ ಯಾವ ಜೀವಗಳ ಶರೀರಗಳಿಂದ ಆ ಉಪಕರಣಗಳು ಆಗಿವೆಯೋ ಆ ಜೀವಗಳಿಗೂ ಐದು ಕ್ರಿಯೆಗಳ ಸ್ಪರ್ಶವುಂಟೆಂದು ಸೂತ್ರ ಮುಂದುವರಿಯುತ್ತದೆ. ಆ ಕಾರಣದಿಂದಲೇ ಉಪಕರಣಗಳನ್ನೆಲ್ಲ ಹೆಸರಿಸಬೇಕಾದ ಅಗತ್ಯ ಬಂದಿದೆ. ಕುಲುಮೆಯ ಹಂತದಲ್ಲಿ ಕಬ್ಬಿಣ, ಅದು ಕಾಯುವ ಕೋಷ್ಠ, ಇಕ್ಕುಳ, ಇದ್ದಲು, ‘ಇಂಗಾಲಕಡ್ಢಿಣೀ’, ‘ಭತ್ಥಾ’ ಎಂಬ ಆರು. ಅಡೆಗಲ್ಲಿನ ಹಂತದಲ್ಲಿ ಕಬ್ಬಿಣ, ಇಕ್ಕುಳ, ‘ಚಮ್ಮೇಟ್ಠ’, ‘ಮುಟ್ಠಿಯ’, ಅಡೆಗಲ್ಲು, ‘ಅಧಿಕರಣಿಖೋಡೀ’, ‘ಉದಗದೋಣೀ’, ‘ಅಧಿಕರಣಸಾಲಾ’ ಎಂಬ ಎಂಟು.

ಈ ಶಬ್ದಗಳಿಗೆ ವಿಕ್ರಮ ಸಂವತ್ 1128ರಲ್ಲಿ, ಅಂದರೆ ಕ್ರಿ.ಶ. 1071ರ ಸುಮಾರಿಗೆ, ವೃತ್ತಿಯನ್ನು ಪೂರ್ಣಗೊಳಿಸಿದ ಅಭಯದೇವಸೂರಿಗಳು ಕೊಟ್ಟಿರುವ ಅರ್ಥಗಳು ನಿಖರವಾಗಿವೆ. ಇಂಗಾಲಕಡ್ಢಿಣೀ ಎಂದರೆ ತುದಿ ತುಸು ಕೊಂಕಾದ ಕಬ್ಬಿಣದ ಸಲಾಕೆ. ಉರಿಯುವ ಇದ್ದಲನ್ನು ಎಳೆಯಲು, ಕೆದಕಲು ಇಂದಿನ ಕಮ್ಮಾರನೂ ಅಂತಹುದನ್ನೇ ಬಳಸುತ್ತಾನೆ. ಭತ್ಥಾ ಎಂದರೆ ಊದುವ ತೊಗಲು, ಕನ್ನಡದ ತಿದಿ. ಅಧಿಕರಣಿಖೋಡೀ ಎಂದರೆ ಅಡೆಗಲ್ಲನ್ನು ನೆಟ್ಟಿರುವ ಮರದ ಕೊರಡು. ಉದಗದೋಣೀ ಎಂದರೆ ಕಾದ ಕಬ್ಬಿಣವನ್ನು ತಣಿಸಲು ಅದ್ದುವ ನೀರಿನ ಪಾತ್ರೆ. ದೋಣಿ ಎಂಬ ಶಬ್ದ ಕನ್ನಡದಲ್ಲಿಯೂ ನೀರಿನ ತೊಟ್ಟಿಯೆಂಬ ಅರ್ಥದಲ್ಲಿ ಬಳಕೆಯಾಗಿದೆ. ಅಧಿಕರಣಸಾಲಾ ಎಂದರೆ ಕಬ್ಬಿಣವನ್ನು ಸಂಸ್ಕರಿಸುವ ಮನೆ.

ಚಮ್ಮೇಟ್ಠ, ಮುಟ್ಠಿಯ ಎಂಬ ಎರಡು ಶಬ್ದಗಳ ವಿಷಯದಲ್ಲಿ ಸಂಪಾದಕರು ವಿಶೇಷ ಎಚ್ಚರ ವಹಿಸಬೇಕು. ಆಗಮಗಳಲ್ಲಿ ಬಲಿಷ್ಠ ತರುಣನನ್ನು ವರ್ಣಿಸುವ ರೂಢಿಯ ವಾಕ್ಯವೊಂದರಲ್ಲಿಯೂ ಇವೇ ಶಬ್ದಗಳು ಬರುತ್ತವೆ. ಅಲ್ಲಿ ಅವು ವ್ಯಾಯಾಮದ ಸಾಧನಗಳು. ಚಮ್ಮೇಟ್ಠವೆಂದರೆ ತೊಗಲಿನಲ್ಲಿ ಬಿಗಿದ ಇಟ್ಟಿಗೆ ಅಥವಾ ಕಲ್ಲಿನ ಭಾರ. ಆ ಅರ್ಥವನ್ನು ಇಲ್ಲಿಗೂ ತಂದರೆ ಪ್ರಕರಣ ಕೆಡುತ್ತದೆ. ಅಭಯದೇವರು ಚಮ್ಮೇಟ್ಠವನ್ನು ಕಬ್ಬಿಣವನ್ನು ಬಡಿಯಲು ಲೋಹಕಾರರು ಬಳಸುವ, ಅಗಲವೂ ಉದ್ದವೂ ಆದ ಲೋಹದ ಉಪಕರಣವೆಂದು, ಮುಟ್ಠಿಯವನ್ನು ಅದಕ್ಕಿಂತ ಚಿಕ್ಕದಾದ ಘನವೆಂದು ಬಿಡಿಸಿ ಹೇಳಿದ್ದಾರೆ. ಎರಡನ್ನೂ ‘ಸುತ್ತಿಗೆ’ ಎಂಬ ಒಂದೇ ಮಾತಿನಿಂದ ಅನುವಾದಿಸಿದರೆ ಒಬ್ಬ ಮನುಷ್ಯನೇ ಕಾಣೆಯಾಗುತ್ತಾನೆ. ಕುಲುಮೆಯಲ್ಲಿ ಹಿರಿಯನು ಎಡಗೈಯ ಇಕ್ಕುಳದಲ್ಲಿ ಕಬ್ಬಿಣವನ್ನು ಹಿಡಿದು, ಬಲಗೈಯ ಚಿಕ್ಕ ಸುತ್ತಿಗೆಯಿಂದ ಪೆಟ್ಟು ಬೀಳಬೇಕಾದ ಜಾಗವನ್ನು ತೋರಿಸುತ್ತಾನೆ; ಎದುರಿಗೆ ನಿಂತ ಸಹಾಯಕನು ಎರಡು ಕೈಗಳಿಂದ ದೊಡ್ಡ ಸುತ್ತಿಗೆಯನ್ನು ಎತ್ತಿ ಅಲ್ಲಿಗೆ ಹೊಡೆಯುತ್ತಾನೆ. ಉದ್ದವಾದ ಅಲಗನ್ನು ಬಡಿದು ಎಳೆಯುವ ಕೆಲಸ ಈ ಜೊತೆಯಿಲ್ಲದೆ ಸಾಗದು. ಕನ್ನಡದಲ್ಲಿ ದೊಡ್ಡ ಸುತ್ತಿಗೆಗೆ ಸಮ್ಮಟಿಗೆ, ಚಮ್ಮಟಿಗೆ ಎಂಬ ಹೆಸರುಗಳಿವೆ. ಧ್ವನಿಸಾಮ್ಯ ಮಾತ್ರದಿಂದ ಶಬ್ದಸಂಬಂಧವನ್ನು ಸಾಧಿಸಲಾಗದು. ಆದರೆ ಪ್ರಾಕೃತ ಶಬ್ದದ ಅರ್ಥವನ್ನು ನಿರ್ಣಯಿಸುವವರು ಕನ್ನಡದ ಈ ಶಬ್ದವನ್ನು ಪಕ್ಕದಲ್ಲಿಟ್ಟುಕೊಂಡು ನೋಡುವುದು ಯುಕ್ತ.

ಈ ಪಟ್ಟಿಯನ್ನು ಬರೆದ ಕ್ರಮದಲ್ಲಿಯೇ ಓದಿದರೆ ಕೆಲಸದ ಕ್ರಮವೂ ಹೊರಡುತ್ತದೆ. ಮೊದಲು ಕಾಯಿಸುವುದು, ಆಮೇಲೆ ಬಡಿಯುವುದು, ಕೊನೆಗೆ ತಣಿಸುವುದು. ಆದರೆ ಕಾಯಿಸಿದ ಲೋಹ ಎಂತಹುದು ಎಂಬುದು ಸೂತ್ರಕ್ಕೆ ಅಪ್ರಸ್ತುತ. ಅಲ್ಲಿ ‘ಅಯ’ ಎಂಬ ಸಾಮಾನ್ಯ ಶಬ್ದವಷ್ಟೇ ಇದೆ. ಖಡ್ಗದ ಗುಣವಾದರೋ ಆ ಲೋಹವನ್ನೇ ಅವಲಂಬಿಸಿದೆ. ಮೆದುಕಬ್ಬಿಣದ ಅಲಗು ಬಾಗುತ್ತದೆ, ಅಂಚು ನಿಲ್ಲುವುದಿಲ್ಲ. ಬೀಡುಕಬ್ಬಿಣವನ್ನು ಬಡಿದರೆ ಒಡೆಯುತ್ತದೆ. ಇವೆರಡರ ನಡುವಿನ ಉಕ್ಕು ಬೇಕು. ಆ ಉಕ್ಕಿನ ವಿಷಯದಲ್ಲಿ ಕರ್ನಾಟಕದ ಕುಲುಮೆಗಳಿಗೆ ಚರಿತ್ರೆಯಲ್ಲಿ ಪ್ರತ್ಯೇಕ ಸ್ಥಾನವಿದೆ.

ದಕ್ಷಿಣಭಾರತದ ಮೂಸೆಯ ಉಕ್ಕಿನ ಮಾದರಿಗಳನ್ನು 1794ರಲ್ಲಿ ಮುಂಬಯಿಯಿಂದ ವೈದ್ಯ ಹೆಲೆನಸ್ ಸ್ಕಾಟ್ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳುಹಿಸಿದನು. 1795ರಲ್ಲಿ ಜಾರ್ಜ್ ಪಿಯರ್ಸನ್ ಅದರ ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿದನು. ಅಂದಿನಿಂದ ಯುರೋಪಿನಲ್ಲಿ ‘ವೂಟ್ಸ್’ ಎಂದು ಪ್ರಸಿದ್ಧವಾದ ಹೆಸರು ಕನ್ನಡದ ಉಕ್ಕು ಎಂಬ ಶಬ್ದದ ರೂಪಾಂತರವೆಂಬುದು ವಿದ್ವಾಂಸರಲ್ಲಿ ಬಹುವಾಗಿ ಮನ್ನಣೆ ಪಡೆದ ಅಭಿಪ್ರಾಯ. ಶ್ರೀರಂಗಪಟ್ಟಣ 1799ರಲ್ಲಿ ಬಿದ್ದ ಮೇಲೆ, 1800ರಲ್ಲಿ ಮೈಸೂರು ಸೀಮೆಯ ಪ್ರವಾಸಕ್ಕೆ ಹೊರಟ ಫ್ರಾನ್ಸಿಸ್ ಬುಕನನ್ ಇಂದಿನ ತುಮಕೂರು ಜಿಲ್ಲೆಯ ಚನ್ನರಾಯನದುರ್ಗದ ಸುತ್ತಲಿನ ಉಕ್ಕಿನ ಕುಲುಮೆಗಳನ್ನು ನೋಡಿ ಬರೆದಿಟ್ಟನು. ಅದು 1807ರಲ್ಲಿ ಪ್ರಕಟವಾಯಿತು. ಸುಡದ ಮಣ್ಣಿನ ಶಂಕುವಿನಾಕಾರದ ಮೂಸೆಗಳಲ್ಲಿ ಕಬ್ಬಿಣದ ತುಂಡನ್ನೂ ತಂಗಡಿ ಗಿಡದ ಕಾಂಡದ ಚೂರುಗಳನ್ನೂ ಹಸಿರು ಎಲೆಗಳನ್ನೂ ಇಟ್ಟು, ಬಾಯನ್ನು ಮಣ್ಣಿನಿಂದ ಮುಚ್ಚಿ, ಇದ್ದಲಿನ ನಡುವೆ ಜೋಡಿಸಿ ತಿದಿಯಿಂದ ಊದುತ್ತಿದ್ದರು.

ಈ ಕ್ರಮದ ಮರ್ಮವನ್ನು ಇಂದಿನ ಲೋಹವಿಜ್ಞಾನ ಸ್ಪಷ್ಟಪಡಿಸಿದೆ. ಮುಚ್ಚಿದ ಮೂಸೆಯಲ್ಲಿ ಗಿಡದ ಚೂರು ಉರಿದುಹೋಗದೆ ಇಂಗಾಲವಾಗಿ ಕಬ್ಬಿಣದಲ್ಲಿ ಸೇರುತ್ತದೆ. ಇಂಗಾಲ ಸೇರಿದಂತೆ ಕಬ್ಬಿಣದ ಕರಗುವ ಉಷ್ಣತೆ ಇಳಿಯುತ್ತದೆ. ಇಲ್ಲದಿದ್ದರೆ 1538 ಸೆಂಟಿಗ್ರೇಡ್ ಕಾವು ಬೇಡುವ ಲೋಹ ತಿದಿಯ ಉರಿಗೇ ಕರಗಿ ದ್ರವವಾಗುತ್ತದೆ, ಕಿಟ್ಟ ಮೇಲೆ ತೇಲುತ್ತದೆ, ಒಂದೇ ಸಮನಾದ ಗಟ್ಟಿ ಉಳಿಯುತ್ತದೆ. ಹೀಗೆ ದೊರೆತ ಉಕ್ಕಿನಲ್ಲಿ ಇಂಗಾಲ ನೂರಕ್ಕೆ ಸುಮಾರು 1.5ರಷ್ಟಿರುತ್ತದೆ. ಇದು ಬಹಳ ಹೆಚ್ಚು. ಅದರಿಂದ ಅಂಚು ಅತಿ ಹರಿತವಾಗುತ್ತದೆ, ಬಡಿಯುವುದು ಮಾತ್ರ ಕಷ್ಟವಾಗುತ್ತದೆ. ಬಿಳಿಗಾವಿಗೆ ಏರಿಸಿದರೆ ಗಟ್ಟಿ ಸುತ್ತಿಗೆಯ ಕೆಳಗೆ ಪುಡಿಯಾಗುತ್ತದೆ. ಕೆಂಪು ಆರಿದ ಮೇಲೆ ಬಡಿದರೆ ಸೀಳುತ್ತದೆ. ಮೆದುಕಬ್ಬಿಣದ ರೂಢಿಯಲ್ಲಿ ಇದನ್ನು ಬಿಳಿಗಾವಿಗೆ ಕಾಯಿಸಿದ ಯುರೋಪಿನ ಕಮ್ಮಾರರು ಸೋತದ್ದು ಈ ಕಾರಣದಿಂದಲೇ. ಕೆಂಪಿನ ಯಾವ ಛಾಯೆಯಲ್ಲಿ ತೆಗೆಯಬೇಕು, ಯಾವ ಛಾಯೆಗೆ ಇಳಿದಾಗ ಮರಳಿ ಕುಲುಮೆಗೆ ಇಡಬೇಕು ಎಂಬ ಅರಿವು ಕಣ್ಣಿನ ಅಭ್ಯಾಸಕ್ಕೆ ಸೇರಿದ್ದು. ಹತ್ತಾರು ಸಲ ಹೀಗೆ ಕಾಯಿಸಿ ಬಡಿದ ಮೇಲೆ ಅಲಗನ್ನು ಮಸೆದು, ಹುಳಿಯುಳ್ಳ ದ್ರಾವಣ ಸವರಿದಾಗ ನೀರಿನ ಅಲೆಗಳಂತಹ ಗೆರೆಗಳು ಮೂಡುತ್ತವೆ. ಪರ್ಷಿಯಾದವರು ಇದನ್ನು ‘ಜೌಹರ್’ ಎಂದು ಕರೆದರು. ದಮಾಸ್ಕಸ್ ಖಡ್ಗವೆಂದು ಪಶ್ಚಿಮದಲ್ಲಿ ಕೀರ್ತಿ ಪಡೆದದ್ದು ಈ ಗೆರೆಗಳ ಖಡ್ಗವೇ. ತೆಲಂಗಾಣದ ಕೋನಸಮುದ್ರಂ ಎಂಬ ಊರಿಗೆ ಪರ್ಷಿಯಾದ ವರ್ತಕರು ಉಕ್ಕನ್ನು ಕೊಳ್ಳಲು ಬರುತ್ತಿದ್ದುದನ್ನು ಹೆನ್ರಿ ವಾಯ್ಸಿಯ 1832ರಲ್ಲಿ ಪ್ರಕಟವಾದ ಬರಹ ತಿಳಿಸುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕುಲುಮೆಗಳು ಒಂದೊಂದಾಗಿ ಆರಿದವು. ಇಂಗ್ಲೆಂಡಿನ ಅಗ್ಗದ ಕಬ್ಬಿಣ ಬಂದಿತು. 1856ರ ಬೆಸೆಮರ್ ವಿಧಾನದಿಂದ ಉಕ್ಕು ರಾಶಿರಾಶಿಯಾಗಿ ಸಿದ್ಧವಾಗತೊಡಗಿತು. ಖಡ್ಗ ಧರಿಸುವ ಸೈನ್ಯಗಳು ಕರಗಿದವು. 1878ರ ಆಯುಧ ಕಾಯಿದೆ ಉಳಿದದ್ದನ್ನೂ ಕಟ್ಟಿಹಾಕಿತು. ಕೊಳ್ಳುವವರಿಲ್ಲದ ಮೇಲೆ ಮಗನಿಗೆ ಕಲಿಸುವ ಕಾರಣವೂ ಉಳಿಯಲಿಲ್ಲ. ಅಮೆರಿಕದ ಲೋಹವಿಜ್ಞಾನಿ ವೆರ್ಹೋವೆನ್ ಮತ್ತು ಕಮ್ಮಾರ ಪೆಂಡ್ರೇ ಹಲವು ವರ್ಷಗಳ ಪ್ರಯೋಗದಿಂದ, ಅದಿರಿನಲ್ಲಿರುವ ವನೇಡಿಯಂ ಮೊದಲಾದ ಅತ್ಯಲ್ಪ ಅಂಶಗಳೂ ಮತ್ತೆ ಮತ್ತೆ ಕಾಯಿಸುವ ಕ್ರಮವೂ ಸೇರಿ ಆ ಗೆರೆಗಳನ್ನು ಮೂಡಿಸುತ್ತವೆಂದು 1998ರಲ್ಲಿ ತೋರಿಸಿದರು. ಕಮ್ಮಾರನ ಕಣ್ಣಿಗೆ ಗೊತ್ತಿದ್ದುದನ್ನು ಮರಳಿ ತಿಳಿಯಲು ಪ್ರಯೋಗಶಾಲೆ ಬೇಕಾಯಿತು. ಬರೆಯದೆ ಉಳಿದ ವಿದ್ಯೆಯ ನಷ್ಟ ಎಷ್ಟೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಾಗಿರುವಾಗ ಆಗಮ ತನ್ನ ಕಾಲದ ಕುಲುಮೆಯನ್ನು ಅಷ್ಟಾದರೂ ಬರೆದಿಟ್ಟಿದ್ದೇಕೆ? ಕಮ್ಮಾರನನ್ನು ಹೊಗಳಲೆಂದಲ್ಲ, ಅವನ ವಿದ್ಯೆಯನ್ನು ಕಲಿಸಲೆಂದೂ ಅಲ್ಲ. ಹಿಂಸೆಯ ಹೊಣೆ ಎಲ್ಲಿಂದ ಆರಂಭವಾಗುತ್ತದೆಂಬ ಪ್ರಶ್ನೆಯನ್ನು ಕೊನೆಯವರೆಗೂ ಒಯ್ಯಲೆಂದು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಅಜೀವಾಧಿಕರಣದ ಭೇದಗಳಾಗಿ ನಿರ್ವರ್ತನಾ, ನಿಕ್ಷೇಪ, ಸಂಯೋಗ, ನಿಸರ್ಗಗಳನ್ನು ಹೇಳಿದೆ. ಇದು ಉಭಯ ಸಂಪ್ರದಾಯಗಳಿಗೂ ಸಮ್ಮತ. ಭಗವತಿಯ ಮೂರನೆಯ ಶತಕದಲ್ಲಿ ಬರುವ ಆಧಿಕರಣಿಕೀ ಕ್ರಿಯೆಯನ್ನು ವಿವರಿಸುತ್ತಾ ಅಭಯದೇವರು, ಖಡ್ಗ ಮೊದಲಾದ ಆಯುಧಗಳನ್ನು ಹೊಸದಾಗಿ ಮಾಡುವುದನ್ನು ನಿರ್ವರ್ತನಕ್ಕೆ ಉದಾಹರಿಸುತ್ತಾರೆ. ಆಯುಧ ಯುದ್ಧದಲ್ಲಿ ಬೀಳುವ ಮುನ್ನವೇ, ಅದು ಅಡೆಗಲ್ಲಿನ ಮೇಲಿರುವಾಗಲೇ, ಲೆಕ್ಕ ಪ್ರಾರಂಭವಾಗಿದೆ.

ಶ್ರಾವಕಾಚಾರಗಳಲ್ಲಿ ಇದರ ವ್ಯಾವಹಾರಿಕ ರೂಪವನ್ನು ಕಾಣಬಹುದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಕೊಡಲಿ, ಕೃಪಾಣ, ಗುದ್ದಲಿ, ಬೆಂಕಿ, ಆಯುಧ, ಸಂಕೋಲೆ ಮುಂತಾದವುಗಳನ್ನು ಪರರಿಗೆ ಕೊಡುವುದು ಹಿಂಸಾದಾನವೆಂಬ ಅನರ್ಥದಂಡ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿ ಲೋಹಕಾರನ ವೃತ್ತಿ ಅಂಗಾರಜೀವಿಕೆಯಲ್ಲಿಯೂ, ಅಸ್ತ್ರ ಮತ್ತು ಕಬ್ಬಿಣದ ಮಾರಾಟ ವಿಷವಾಣಿಜ್ಯದಲ್ಲಿಯೂ ಸೇರಿವೆ. 1239ರ ಸುಮಾರಿಗೆ ಸಾಗಾರಧರ್ಮಾಮೃತದ ಟೀಕೆಯನ್ನು ಮುಗಿಸಿದ ಪಂಡಿತ ಆಶಾಧರರು, ಕೆಲವರು ಇಂತಹ ಹದಿನೈದು ಕ್ರೂರಕರ್ಮಗಳನ್ನು ಎಣಿಸುತ್ತಾರೆ, ಲೋಕದಲ್ಲಿ ಸಾವದ್ಯಕರ್ಮಗಳು ಎಣಿಕೆಗೆ ಮೀರಿದವಾದ್ದರಿಂದ ಆ ಎಣಿಕೆ ಸರಿಯಲ್ಲ ಎಂದು ಎಚ್ಚರಿಸಿದ್ದಾರೆ. ಈ ಎಚ್ಚರಿಕೆ ಮನನೀಯವಾದುದು. ಕಮ್ಮಾರನನ್ನೊಬ್ಬನನ್ನೇ ಬೆರಳು ಮಾಡಿ ತೋರಿಸಿ ಉಳಿದವರು ಶುದ್ಧರೆಂದು ತಿಳಿಯಲು ಅದು ಎಡೆಗೊಡುವುದಿಲ್ಲ.

ಭಗವತೀಸೂತ್ರದ ತಾತ್ಪರ್ಯವೂ ಇದಕ್ಕೆ ದೂರವಾದುದಲ್ಲ. ಇಕ್ಕುಳವಾದ ಲೋಹ, ಕೊರಡಾದ ಮರ, ತಿದಿಯಾದ ತೊಗಲು ಒಮ್ಮೆ ಯಾವ ಜೀವಗಳ ದೇಹಗಳಾಗಿದ್ದವೋ ಆ ಜೀವಗಳೂ, ಆ ದೇಹಗಳನ್ನು ವಿರತಿಪೂರ್ವಕವಾಗಿ ತ್ಯಜಿಸದ ಕಾರಣ, ಕ್ರಿಯೆಯಲ್ಲಿ ಪಾಲುಗೊಳ್ಳುತ್ತವೆಂದು ವ್ಯಾಖ್ಯಾನ ಪರಂಪರೆ ಹೇಳುತ್ತದೆ. ಐದನೆಯ ಶತಕದಲ್ಲಿ ಬಿಲ್ಲುಗಾರನ ವಿಷಯಕ್ಕೂ ಇದೇ ವಿಚಾರ ಬಂದಿದ್ದು, ಬಿಲ್ಲು, ಹೆದೆ, ಗರಿಗಳನ್ನು ಅಲ್ಲಿ ಎಣಿಸಿದೆ. ಹೊಣೆಯನ್ನು ಇಷ್ಟು ವಿಸ್ತಾರವಾಗಿ ಹಂಚುವವರು ಯಾವ ಉಪಕರಣವನ್ನೂ ಬಿಡುವಂತಿಲ್ಲ. ಖಡ್ಗದ ಊರನ್ನು ಹೇಳಬಾರದೆಂದ ಲಕ್ಷಣಶಾಸ್ತ್ರದಲ್ಲಿ ಕಮ್ಮಾರನು ಮರೆಯಾದನು. ಖಡ್ಗದ ಮೂಲವನ್ನು ಬಿಡದೆ ಕೇಳಿದ ಆಗಮದಲ್ಲಿ ಅವನು ತನ್ನ ಸಾಲೆಯ ಸಮೇತ ಉಳಿದನು.

ಲೋಹದ ಮೇಲೆಯೇ ದೋಷವನ್ನು ಹೊರಿಸುವ ಅಭಿಪ್ರಾಯವೂ ಇಲ್ಲಿಲ್ಲ. ಯೋಗೀಂದುದೇವರ ಪರಮಾತ್ಮಪ್ರಕಾಶದಲ್ಲಿ ಕಬ್ಬಿಣದ ಸಂಗದಿಂದ ಬೆಂಕಿ ಘನದ ಪೆಟ್ಟು ತಿನ್ನುತ್ತದೆ ಎಂಬ ದೃಷ್ಟಾಂತ ಬರುತ್ತದೆ, ವಿಚಾರಣೀಯವಾದುದು ಸಂಗ. ಬುಕನನ್ ನೋಡಿದ ಕಾಲದಲ್ಲಿ ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುವವರಿದ್ದರು. ಶಿಲೆಯನ್ನು ಕಡೆಯುವ ಉಳಿಯೂ ಕುಲುಮೆಯಲ್ಲಿಯೇ ಹದಗೊಳ್ಳಬೇಕು. ಯುದ್ಧಗಳಲ್ಲಿ ಖಡ್ಗ ಹಿಡಿದಿದ್ದ ಚಾವುಂಡರಾಯನು ಶ್ರವಣಬೆಳಗೊಳದ ಗಟ್ಟಿಶಿಲೆಯಲ್ಲಿ ನಿಲ್ಲಿಸಿದ ಗೊಮ್ಮಟಮೂರ್ತಿಯ ಹಿಂದೆಯೂ ಹೆಸರಿಲ್ಲದ ಕಮ್ಮಾರರ ಶ್ರಮವಿದೆ. ದಕ್ಷಿಣದ ಓಲೆಗ್ರಂಥಗಳ ಅಕ್ಷರಗಳನ್ನು ಕೊರೆದ ಕಂಟವೂ ಅದೇ ಅಡೆಗಲ್ಲಿನಿಂದ ಬಂದದ್ದು. ಅಸಿಗೂ ಲಿಪಿಗೂ ಮೊನೆ ಕೊಟ್ಟವನು ಒಬ್ಬನೇ.

ಇಷ್ಟರಿಂದ ಹಸ್ತಪ್ರತಿಶಾಸ್ತ್ರಕ್ಕೆ ಸಂಬಂಧಿಸಿದ ಒಂದು ಕರ್ತವ್ಯ ಗೋಚರವಾಗುತ್ತದೆ. ಆಗಮಗಳ ಮತ್ತು ಶ್ರಾವಕಾಚಾರಗಳ ವೃತ್ತಿ, ಚೂರ್ಣಿ, ಟೀಕೆಗಳಲ್ಲಿ ಕಮ್ಮಾರ, ಕುಂಬಾರ, ನೇಕಾರ, ಗಾಣಿಗರ ಉಪಕರಣಗಳ ಹೆಸರುಗಳು ಹೇರಳವಾಗಿ ಚದರಿವೆ. ಹಿಂಸೆಯ ವಿಚಾರ ಬಂದಲ್ಲೆಲ್ಲ ವೃತ್ತಿಯ ವಿವರವೂ ಬಂದಿದೆ. ಇವನ್ನು ಧರ್ಮವಿಚಾರದ ಅಂಗವೆಂದಷ್ಟೇ ಓದಿ ಬಿಡದೆ, ಪಾಠಾಂತರ ಸಹಿತವಾಗಿ ಸಂಗ್ರಹಿಸಿ, ವೃತ್ತಿಯಲ್ಲಿ ಇನ್ನೂ ಉಳಿದಿರುವ ಹ‍ಿರಿಯರ ಬಾಯಿಂದ ದೊರೆಯುವ ಕನ್ನಡ ಶಬ್ದಗಳೊಡನೆ ಹೋಲಿಸಿ ಕೋಶರೂಪದಲ್ಲಿ ಸಿದ್ಧಪಡಿಸಬೇಕಾಗಿದೆ. ಲಿಪಿಕಾರನಿಗೆ ಅಪರಿಚಿತವಾದ ಉಪಕರಣದ ಹೆಸರು ಪ್ರತಿಯಿಂದ ಪ್ರತಿಗೆ ಬೇಗ ಕೆಡುತ್ತದೆ. ಆ ಉಪಕರಣವನ್ನು ಹಿಡಿದವನು ಅದನ್ನು ಒಂದೇ ಮಾತಿನಲ್ಲಿ ತಿದ್ದಬಲ್ಲನು. ತಿದಿ, ಅಡೆಗಲ್ಲು, ಸಮ್ಮಟಿಗೆಗಳನ್ನು ಬಲ್ಲವರ ಸಂಖ್ಯೆ ದಿನೇ ದಿನೇ ಕುಗ್ಗುತ್ತಿರುವುದರಿಂದ ಈ ಕಾರ್ಯವನ್ನು ಮುಂದೂಡುವುದು ಉಚಿತವಲ್ಲ.